ರಾಣಿಯ ಪೆಟ್ಟಿಗೆಯಲ್ಲಿ ಏನಿತ್ತು?

ಪ್ರಶ್ನೆ: ಹಳೆಯ ಫ್ರೆಂಚ್ ಪ್ರಯಾಣ ಪೆಟ್ಟಿಗೆಯ ಚಿತ್ರವೊಂದರಲ್ಲಿ ಕತ್ತರಿ, ಚಿಮಟದ ಜೊತೆ ಟೀ ಪಾತ್ರೆಯೂ ಕಂಡಿತು. ಇದೆಂಥ ಅಲಂಕಾರದ ಪೆಟ್ಟಿಗೆ?

ಉತ್ತರ: ಅದರ ಹೆಸರು ‘ನೆಸೆಸೇರ್’. ಕುದುರೆಗಾಡಿಯ ಕಾಲದಲ್ಲಿ ದಾರಿಯ ಛತ್ರಗಳನ್ನು ನಂಬದ ಸಿರಿವಂತರು ಬಾಚಣಿಗೆ, ಕ್ಷೌರದ ಕತ್ತಿ, ಉಗುರು ತೀಡುವ ಅರ, ನಾಲಿಗೆ ಹೆರೆಯುವ ಪಟ್ಟಿ, ಗುಗ್ಗೆ ತೆಗೆಯುವ ಕಡ್ಡಿ, ಅತ್ತರಿನ ಸೀಸೆ, ನೀವು ಕಂಡ ಟೀ ಪಾತ್ರೆ ಎಲ್ಲವನ್ನೂ ಇದರಲ್ಲಿ ಒಯ್ಯುತ್ತಿದ್ದರು. ನಮ್ಮ ಕ್ಷೌರಿಕರ ಹಡಪಕ್ಕೆ ಬೆಳ್ಳಿ, ದಂತದ ವೈಭವ ಬಂದಂತೆ! ಒಂದೊಂದು ವಸ್ತುವಿಗೂ ಅದರ ಆಕಾರದ್ದೇ ಗುಳಿ. ಗಾಡಿ ಎಷ್ಟು ಕುಲುಕಿದರೂ ಗಾಜು ಒಡೆಯದು. ನನಗೆ ಬೆಳ್ಳಿಗಿಂತ ಈ ಮರಗೆಲಸದ ಬಗ್ಗೆಯೇ ಹೆಚ್ಚು ಬೆರಗು.

ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳ ಇಂಥ ಪೆಟ್ಟಿಗೆಯೊಂದು ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಆಕೆಯ ಸೇವಕಿ ಮದಾಂ ಕಾಂಪಾನ್ ಬರೆದಿರುವಂತೆ, 1791ರಲ್ಲಿ, ಫ್ರೆಂಚ್ ಕ್ರಾಂತಿಯ ನಡುವೆ, ದೇಶ ಬಿಟ್ಟು ಓಡಲು ಸಜ್ಜಾಗುತ್ತಿದ್ದಾಗಲೂ ರಾಣಿಗೆ ತನ್ನ ನೆಸೆಸೇರ್ ಬೇಕೇ ಬೇಕಿತ್ತು. ಹಾಸಿಗೆ ಬೆಚ್ಚಗಾಗಿಸುವ ಪಾತ್ರೆಯಿಂದ ಹಿಡಿದು ಬೆಳ್ಳಿ ಬಟ್ಟಲಿನವರೆಗೆ ಸಕಲವೂ ಅದರಲ್ಲಿತ್ತಂತೆ. ಬ್ರಸೆಲ್ಸ್‌ನಲ್ಲಿದ್ದ ಅಕ್ಕನಿಗೆ ಉಡುಗೊರೆ ಎಂದು ನೆಪ ಹೂಡಿದರೂ, ಉಡುಪಿನ ಕೋಣೆಯ ಹೆಂಗಸೊಬ್ಬಳು ಗುಟ್ಟು ಹಿಡಿದು ದೂರು ಕೊಟ್ಟಳು. ಜೂನ್ ತಿಂಗಳಲ್ಲಿ ಓಡಿಹೋಗುತ್ತಿದ್ದ ರಾಜ ಪರಿವಾರ ವಾರೆನ್ ಎಂಬ ಊರಿನಲ್ಲಿ ಸಿಕ್ಕಿಬಿತ್ತು. ಪೆಟ್ಟಿಗೆಯೊಂದರಿಂದಲೇ ಅಲ್ಲ, ನಿಜ.

ಮುಂದೆ ನೆಪೋಲಿಯನ್‌ಗೆ ಇಂಥವನ್ನು ಮಾಡಿಕೊಟ್ಟವನು ಬಿಯೆನೆ ಎಂಬ ಅಕ್ಕಸಾಲಿಗ. ರೈಲು ಬಂದ ಮೇಲೆ ಭಾರದ ಮರದ ಪೆಟ್ಟಿಗೆಗಳ ಜಾಗಕ್ಕೆ ಹಗುರವಾದ ಚರ್ಮದ ಚೀಲಗಳು ಬಂದವು. ಎಲ್ಲಾದರೂ ಇಂಥ ಪೆಟ್ಟಿಗೆ ಕೈಗೆ ಸಿಕ್ಕರೆ ಬೆಳ್ಳಿಯ ಮೇಲೆ ಶಿರಸ್ತ್ರಾಣ ತೊಟ್ಟ ಮಿನರ್ವಾ ದೇವಿಯ ಪುಟ್ಟ ಮುದ್ರೆ ಹುಡುಕಿ. ಫ್ರಾನ್ಸಿನಲ್ಲಿ ಆ ಮುದ್ರೆ ಬಂದದ್ದೇ 1838ರಲ್ಲಿ; ಅದಿದ್ದರೆ ಆ ಬೆಳ್ಳಿ ಸಾಮಾನ್ಯವಾಗಿ ಅದಕ್ಕಿಂತ ಹಳೆಯದಲ್ಲ.