ಚೆಕ್ಕು ಒಂದು, ಕೇಸಿಗೆ ಊರು ಮೂರು!

‘ನಮ್ಮ ಲಾಯರೇ ಎದುರು ಪಾರ್ಟಿ ಜತೆ ಸೇರ್ಕೊಂಡ್ರು ಕಣ್ರೀ!’ ಕೋರ್ಟ್ ಮೆಟ್ಟಿಲು ಹತ್ತಿದ ವ್ಯಾಪಾರಸ್ಥರ ಬಾಯಲ್ಲಿ ಇದು ಮಾಮೂಲಿ ಮಾತು. ಕೆಲವು ಸಲ ನಿಜವೂ ಇರಬಹುದು. ಚೆಕ್ ಬೌನ್ಸ್ ಕೇಸುಗಳಲ್ಲಂತೂ ಈ ಅನುಮಾನಕ್ಕೆ ಎಣ್ಣೆ ಹೊಯ್ದದ್ದು ತೀರ್ಪುಗಳೇ.

ಬಾಕಿ ತೀರಿಸಲು ಕೊಟ್ಟ ಚೆಕ್ ವಾಪಸಾದರೆ ಶಿಕ್ಷೆ ಎನ್ನುವ 138ನೇ ಕಲಂ 1989ರಲ್ಲಿ ಜಾರಿಗೆ ಬಂತು. ಕೇಸು ಯಾವ ಊರಲ್ಲಿ ಹಾಕಬೇಕು? ಕಲಂ ಬಾಯಿ ಬಿಡಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟ್ ಐದು ಜಾಗ ತೋರಿಸಿ, ಯಾವುದಾದರೂ ಸೈ ಎಂದಿತು. ದಾವಣಗೆರೆಯ ಜವಳಿ ಅಂಗಡಿಯವರು ಮುಂಬೈ ಪಾರ್ಟಿಯನ್ನು ದಾವಣಗೆರೆಗೇ ಎಳೆಯಬಹುದಿತ್ತು. 2014ರ ಆಗಸ್ಟ್ 1ರಂದು ಅದೇ ಕೋರ್ಟ್, ಅದೇ ಕಲಂ ಓದಿ, ಚೆಕ್ ಕೊಟ್ಟವನ ಬ್ಯಾಂಕು ಇರುವ ಊರಲ್ಲಿ ಮಾತ್ರ ಎಂದಿತು. ಸಾಕ್ಷಿ ವಿಚಾರಣೆ ಶುರುವಾಗದ ಕೇಸುಗಳ ಕಾಗದ ವಾಪಸು! ಹಣ ಬರಬೇಕಾದವನೇ ರೈಲು ಚಾರ್ಜು ಕೊಟ್ಟುಕೊಂಡು ಮುಂಬೈಗೆ ಅಲೆಯಬೇಕು. ಇಲ್ಲಿ ಕೊಟ್ಟ ಫೀಸು ನೀರಿಗೆ, ಅಲ್ಲಿ ಇನ್ನೊಬ್ಬರಿಗೆ ವಕಾಲತ್ತು. ಬೈಗುಳ ಮಾತ್ರ ಊರಿನ ಕರಿಕೋಟಿಗೆ.

ಕೊನೆಗೆ ಸಂಸತ್ತೇ ತಿದ್ದುಪಡಿ ತಂದಿತು. 2015ರ ಜೂನ್ 15ರಿಂದ, ಹಣ ಬರಬೇಕಾದವನು ಚೆಕ್ಕನ್ನು ತನ್ನ ಖಾತೆಗೆ ಹಾಕಿದ್ದರೆ, ಆ ಖಾತೆ ಇರುವ ಶಾಖೆಯ ಊರಲ್ಲೇ ಕೇಸು.

ವಕೀಲರದ್ದು ತಪ್ಪೇ ಇಲ್ಲವೆಂದಲ್ಲ. ಕಾನೂನು ತಿರುಗಿತೆಂದು ಹೇಳದೆ ‘ಮುಂದಿನ ತಾರೀಖಿಗೆ ಬನ್ನಿ’ ಎಂದು ಸಾಗಹಾಕಿದರೆ ಕಕ್ಷಿದಾರ ಏನೆಂದು ತಿಳಿಯಬೇಕು? ಈ ತಿರುಗಾಟದಲ್ಲಿ ನೆನಪಿಡಬೇಕಾದ ಲೆಕ್ಕ ಒಂದಿದೆ: ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ಅದು ಮುಟ್ಟಿದ ಮೇಲೆ 15 ದಿನ ಗಡುವು, ಆಮೇಲೆ ಒಂದು ತಿಂಗಳಲ್ಲಿ ಕೇಸು. ಈ ತಾರೀಖುಗಳನ್ನು ವಕೀಲರ ಕೈಯಲ್ಲೇ ಬರೆಸಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು.