ಹಿಮ್ಮಡಿಯ ಕೆಳಗಿನ ಬೀಗ

ಗಂಗಾವತಿಯ ಸುತ್ತಣ ಬಯಲಿನಲ್ಲಿ ನಾಟಿಯ ಕಾಲ ಬಂದಿತೆಂದರೆ ಎಲ್ಲೆಲ್ಲಿಯೂ ನೀರು, ಕೆಸರು, ಯಂತ್ರಗಳ ಗದ್ದಲ. 1953ರಲ್ಲಿ ತುಂಗಭದ್ರೆಯ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ, ಮಳೆಯನ್ನೇ ನಂಬಿದ್ದ ಇಲ್ಲಿನ ಎರೆಭೂಮಿಯ ಬಹುಭಾಗವು ಕ್ರಮೇಣ ಭತ್ತದ ಗದ್ದೆಯಾಗಿ ಮಾರ್ಪಟ್ಟಿತು. ಬೇಸಗೆಯಲ್ಲಿ ಕಾಲು ತೂರುವಷ್ಟು ಅಗಲವಾಗಿ ಬಿರುಕುಬಿಡುವ ಈ ಕಪ್ಪು ಮಣ್ಣು ನೀರು ಕುಡಿದಾಗ ಉಬ್ಬಿ, ಬೆಣ್ಣೆಯಂತೆ ಜಾರುತ್ತದೆ. ಎತ್ತುಗಳು ಮೊಣಕಾಲಿನವರೆಗೆ ಹೂತು ಎಳೆಯುತ್ತಿದ್ದ ಈ ಕೆಸರಿನಲ್ಲಿ ಇಂದು ಎರಡು ಟನ್ನು ತೂಕದ ಟ್ರ್ಯಾಕ್ಟರು ಓಡಾಡಬೇಕು.

ಓಡಾಡುತ್ತಿರುವಾಗಲೇ ಅದು ಒಮ್ಮೊಮ್ಮೆ ನಿಂತುಬಿಡುತ್ತದೆ. ಎಂಜಿನು ಗರ್ಜಿಸುತ್ತಿರುತ್ತದೆ; ಹಿಂಬದಿಯ ಒಂದು ಗಾಲಿ ಕೆಸರನ್ನು ಆಳೆತ್ತರಕ್ಕೆ ಚಿಮ್ಮಿಸುತ್ತ ಗಿರ್ರನೆ ತಿರುಗುತ್ತಿರುತ್ತದೆ. ಆದರೆ ಇನ್ನೊಂದು ಬದಿಯ ಗಾಲಿ, ತನಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲವೆಂಬಂತೆ, ಕಲ್ಲಿನ ಹಾಗೆ ಸುಮ್ಮನೆ ನಿಂತಿರುತ್ತದೆ. ಬದುವಿನ ಮೇಲೆ ನಿಂತವರಿಂದ ಸಲಹೆಗಳ ಸುರಿಮಳೆಯಾಗುತ್ತದೆ. ‘ಇನ್ನಷ್ಟು ರೇಸು ಕೊಡು’ ಎನ್ನುವವನೊಬ್ಬ. ‘ಗಾಲಿಗೆ ಮರದ ತುಂಡು ಕಟ್ಟು’ ಎನ್ನುವವನಿನ್ನೊಬ್ಬ. ಇಬ್ಬರು ತರುಣರು ತೂಕ ಹೆಚ್ಚಲೆಂದು ಮಡ್ಗಾರ್ಡಿನ ಮೇಲೇರಿ ಕುಳಿತುಕೊಳ್ಳುತ್ತಾರೆ. ಈ ಮೂರು ಸಲಹೆಗಳೂ ತಪ್ಪು. ಅವುಗಳಲ್ಲಿ ಒಂದಂತೂ ಪ್ರಾಣಾಂತಿಕವಾದುದು. ಸರಿಯಾದ ಉಪಾಯವಿರುವುದು ಚಾಲಕನ ಕಾಲಬುಡದಲ್ಲಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಬಲಗಾಲಿನ ಹಿಮ್ಮಡಿಗೆ ನಿಲುಕುವಂತೆ ಒಂದು ಚಿಕ್ಕ ಪೆಡಲಿರುತ್ತದೆ. ‘ಡಿಫರೆನ್ಷಿಯಲ್ ಲಾಕ್’ ಎಂಬುದು ಅದರ ಹೆಸರು.

ನೊಗದ ನ್ಯಾಯ

ಎತ್ತಿನ ಗಾಡಿಗೆ ಇಂತಹ ತೊಡಕಿಲ್ಲ. ಅಲ್ಲಿ ಅಚ್ಚು ತಿರುಗುವುದಿಲ್ಲ, ಗಾಲಿಗಳು ಮಾತ್ರ ತಿರುಗುತ್ತವೆ. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ಸುತ್ತು ಹಾಕುತ್ತದೆ, ಒಳಗಿನದು ಕಡಮೆ. ಆದರೆ ಟ್ರ್ಯಾಕ್ಟರಿನಲ್ಲಿ ಎಂಜಿನಿನ ಬಲವೇ ಎರಡೂ ಗಾಲಿಗಳನ್ನು ತಿರುಗಿಸಬೇಕು. ಹಿಂಬದಿಯ ಗಾಲಿಗಳ ನಡುವಣ ಅಂತರ ಒಂದೂವರೆ ಮೀಟರು ಎಂದಿಟ್ಟುಕೊಂಡರೆ, ಯಂತ್ರವು ಒಂದು ಪೂರ್ಣ ಸುತ್ತು ತಿರುಗುವಷ್ಟರಲ್ಲಿ ಹೊರಗಾಲಿಯು ಒಳಗಾಲಿಗಿಂತ ಸುಮಾರು ಒಂಬತ್ತೂವರೆ ಮೀಟರು ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಈ ವ್ಯತ್ಯಾಸಕ್ಕೆ ಎಡೆಯೆಲ್ಲಿ? ಒಂದು ಗಾಲಿ ನೆಲವನ್ನು ಉಜ್ಜಬೇಕು, ಇಲ್ಲವೆ ಅಚ್ಚು ಮುರಿಯಬೇಕು.

ಈ ಸಮಸ್ಯೆಯನ್ನು ಬಿಡಿಸಿದುದೇ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಗುಂಪು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ ಎಂಬಾತನು ಇದನ್ನು ಉಗಿಬಂಡಿಯೊಂದಕ್ಕಾಗಿ ರೂಪಿಸಿ ಪೇಟೆಂಟು ಪಡೆದನು. ಎರಡು ಗಾಲಿಗಳಿಗೂ ಸಮನಾದ ಬಲವನ್ನು ಹಂಚಿ, ವೇಗವನ್ನು ಮಾತ್ರ ಅವುಗಳ ಇಚ್ಛೆಗೆ ಬಿಟ್ಟುಕೊಡುವುದು ಇದರ ಗುಣ.

ಈ ಸಮಪಾಲೇ ಕೆಸರಿನಲ್ಲಿ ಮುಳುವಾಗುವುದು. ಜೋಡೆತ್ತಿನ ನೊಗವನ್ನು ನೆನೆದರೆ ಇದು ಸುಲಭವಾಗಿ ಮನವರಿಕೆಯಾಗುತ್ತದೆ. ನೊಗವು ಬಂಡಿಯ ಮೂಕಿಗೆ ನಡುವಿನಲ್ಲಿ ಮಾತ್ರ ಕಟ್ಟಲ್ಪಟ್ಟಿರುತ್ತದೆ. ಒಂದು ಎತ್ತು ಸೋತು ನಿಂತರೆ, ಇನ್ನೊಂದು ಎಷ್ಟೇ ಬಲಶಾಲಿಯಾಗಿದ್ದರೂ ನೊಗ ಓರೆಯಾಗುವುದೇ ಹೊರತು ಬಂಡಿ ಮುಂದೆ ಸಾಗದು. ಜೋಡಿಯ ಬಲವು ಸೋತ ಎತ್ತಿನ ಬಲದಿಂದಲೇ ನಿರ್ಧಾರವಾಗುತ್ತದೆ. ಡಿಫರೆನ್ಷಿಯಲ್ ನಡೆಸುವುದೂ ಇದೇ ನ್ಯಾಯವನ್ನು. ಜಾರುವ ಗಾಲಿಗೆ ನೆಲದ ಮೇಲೆ ನೂರು ಕಿಲೋಗ್ರಾಮಿನಷ್ಟು ಮಾತ್ರ ಹಿಡಿತವಿದ್ದು, ಗಟ್ಟಿ ನೆಲದ ಮೇಲಿರುವ ಗಾಲಿಗೆ ಆರುನೂರು ಕಿಲೋಗ್ರಾಮಿನ ಹಿಡಿತವಿದೆಯೆಂದು ಭಾವಿಸಿದರೆ, ಎರಡನೆಯದಕ್ಕೂ ನೂರರ ಪಾಲೇ ದೊರೆಯುತ್ತದೆ. ಒಟ್ಟು ಎಳೆತ ಇನ್ನೂರು. ಎಂಜಿನಿಗೆ ರೇಸು ಕೊಟ್ಟಷ್ಟೂ ಜಾರುವ ಗಾಲಿ ಮತ್ತಷ್ಟು ವೇಗವಾಗಿ ಸುತ್ತಿ ಗುಂಡಿ ತೋಡಿಕೊಳ್ಳುವುದೇ ಹೊರತು ಬೇರೇನೂ ಆಗದು.

ಹಿಮ್ಮಡಿಯ ಪೆಡಲನ್ನು ಒತ್ತಿದಾಗ ಹಲ್ಲುಗಳುಳ್ಳ ಒಂದು ಬಳೆಯೋ ಕೆಲವು ಗೂಟಗಳೋ ಸರಿದು ಬಂದು ಡಿಫರೆನ್ಷಿಯಲ್ಲನ್ನು ಬಂಧಿಸುತ್ತವೆ. ಎಡಬಲದ ಅರೆ-ಅಚ್ಚುಗಳು ಒಂದೇ ಅಚ್ಚಿನಂತೆ ತಿರುಗತೊಡಗುತ್ತವೆ. ಆಗ ಪ್ರತಿಯೊಂದು ಗಾಲಿಯೂ ತನ್ನ ಹಿಡಿತಕ್ಕೆ ತಕ್ಕಷ್ಟು ಬಲವನ್ನು ಬಳಸಿಕೊಳ್ಳಬಲ್ಲದು. ಮೇಲಿನ ಲೆಕ್ಕದಲ್ಲಿ ಇನ್ನೂರು ಇದ್ದ ಎಳೆತ ಏಳುನೂರಕ್ಕೇರುತ್ತದೆ. ಸಿಕ್ಕಿಕೊಂಡಿದ್ದ ಯಂತ್ರ ಮೆಲ್ಲನೆ ತೆವಳಿಕೊಂಡು ಹೊರಬರುತ್ತದೆ.

ಒತ್ತುವ ಕ್ರಮ

ಈ ಬೀಗವನ್ನು ಯಾವಾಗ ಹಾಕಬೇಕೆಂಬುದರಲ್ಲಿಯೇ ಬಹು ಮಂದಿ ಎಡವುತ್ತಾರೆ. ಒಂದು ಗಾಲಿ ರಭಸದಿಂದ ಸುತ್ತುತ್ತಿರುವಾಗ ಗಾಬರಿಯಿಂದ ಪೆಡಲನ್ನು ತುಳಿಯುವುದು ಸಾಮಾನ್ಯ. ಆಗ ನಿಂತಿರುವ ಹಲ್ಲಿಗೂ ಓಡುತ್ತಿರುವ ಹಲ್ಲಿಗೂ ಡಿಕ್ಕಿಯಾಗಿ ಒಳಗಿನ ಭಾಗಗಳು ಮುರಿಯುತ್ತವೆ. ಹಿಂಬದಿಯ ಪೆಟ್ಟಿಗೆಯನ್ನು ಬಿಚ್ಚಿಸಿ ಹಲ್ಲುಚಕ್ರಗಳನ್ನು ಬದಲಿಸಬೇಕಾದರೆ ನಾಟಿಯ ಹೊತ್ತಿನ ಅಮೂಲ್ಯ ದಿನಗಳು ಕಳೆದುಹೋಗುತ್ತವೆ.

ಸರಿಯಾದ ಕ್ರಮ ಬಹಳ ಸರಳವಾದುದು. ಮೊದಲು ಕ್ಲಚ್ಚನ್ನು ಒತ್ತಿ ಗಾಲಿಗಳು ಸಂಪೂರ್ಣವಾಗಿ ನಿಲ್ಲುವಂತೆ ಮಾಡಬೇಕು. ಮುಂಗಾಲಿಗಳನ್ನು ನೇರಕ್ಕೆ ತರಬೇಕು. ಕೆಳಗಿನ ಗೇರನ್ನು ಹಾಕಿ, ಎಂಜಿನಿನ ವೇಗವನ್ನು ತಗ್ಗಿಸಿ, ಆ ಮೇಲೆ ಬೀಗದ ಪೆಡಲನ್ನು ಒತ್ತಿ ಹಿಡಿದು ಕ್ಲಚ್ಚನ್ನು ನಯವಾಗಿ ಬಿಡಬೇಕು. ಮುಂದೆ ಜಾರುವ ಜಾಗವಿರುವುದು ಕಣ್ಣಿಗೆ ಕಂಡರೆ, ಅಲ್ಲಿಗೆ ತಲಪುವ ಮೊದಲೇ ಬೀಗ ಹಾಕಿಕೊಂಡು ನೇರವಾಗಿ ದಾಟುವುದು ಇನ್ನೂ ಉತ್ತಮ.

ಉಳುಮೆಯಲ್ಲಿಯೂ ಇದಕ್ಕೆ ಸ್ಥಾನವುಂಟು. ಮಣ್ಣು ಮಗುಚುವ ರೆಕ್ಕೆ ನೇಗಿಲಿನಿಂದ ಉಳುವಾಗ ಬಲಗಾಲಿ ಸಾಲಿನ ತಗ್ಗಿನಲ್ಲಿಯೂ ಎಡಗಾಲಿ ಉಳದ ನೆಲದ ಮೇಲೂ ಓಡುತ್ತವೆ. ಯಂತ್ರ ಬಲಕ್ಕೆ ವಾಲುವುದರಿಂದ ಎಡಗಾಲಿಯ ಮೇಲಿನ ಭಾರ ಕಡಮೆಯಾಗಿ ಅದು ಜಾರತೊಡಗುತ್ತದೆ. ಅಲ್ಲಿ ಬೀಗವು ಸಾಲಿನುದ್ದಕ್ಕೂ ನೆರವಾಗಬಲ್ಲದು. ಆದರೆ ಸಾಲಿನ ಕೊನೆ ಬಂದೊಡನೆ, ನೇಗಿಲನ್ನು ಎತ್ತಿ ತಿರುಗಿಸುವ ಮುನ್ನವೇ ಅದನ್ನು ಬಿಟ್ಟುಬಿಡಬೇಕು.

ಬಿಡುವುದನ್ನು ಮರೆತರೆ

ಬೀಗ ಬಿದ್ದಿರುವ ಟ್ರ್ಯಾಕ್ಟರು ನೇರವಾಗಿ ಮಾತ್ರ ಓಡಬಲ್ಲದು. ಚುಕ್ಕಾಣಿಯನ್ನು ಎಷ್ಟು ತಿರುಗಿಸಿದರೂ ಜಾರುವ ನೆಲದ ಮೇಲೆ ಮುಂಗಾಲಿಗಳು ಓರೆಯಾಗಿ ಕೆಸರನ್ನು ಕೆರೆಯುತ್ತವೆಯೇ ಹೊರತು ಯಂತ್ರ ತನ್ನ ದಾರಿಯನ್ನು ಬಿಡುವುದಿಲ್ಲ. ಒಂದು ಬದಿಯ ಬ್ರೇಕು ಹಾಕಿ ತಿರುಗಿಸಿಕೊಳ್ಳುವ ಅಭ್ಯಾಸವೂ ಆಗ ಫಲಿಸದು. ಎರಡು ಗಾಲಿಗಳೂ ಒಂದಾಗಿರುವುದರಿಂದ ಒಂದನ್ನು ತಡೆದರೆ ಇನ್ನೊಂದೂ ತಡೆಯಲ್ಪಡುತ್ತದೆ. ಎದುರಿಗೆ ಕಾಲುವೆಯ ಏರಿಯೋ ಬಾವಿಯ ದಂಡೆಯೋ ಇದ್ದರೆ ಪರಿಣಾಮವೇನೆಂಬುದನ್ನು ವಿವರಿಸಬೇಕಾದುದಿಲ್ಲ. ಗಟ್ಟಿ ರಸ್ತೆಯ ಮೇಲೆ ಬೀಗ ಹಾಕಿ ತಿರುಗಿಸಿದರೆ ಟೈರು ಸವೆಯುತ್ತದೆ, ಅಚ್ಚಿನ ಮೇಲೆ ಅಪಾರ ಒತ್ತಡ ಬೀಳುತ್ತದೆ. ಅಡ್ಡ ಇಳಿಜಾರಿನಲ್ಲಿಯಾದರೋ ಎರಡು ಗಾಲಿಗಳೂ ಒಟ್ಟಿಗೆ ಜಾರಿ ಯಂತ್ರವೇ ಪಕ್ಕಕ್ಕೆ ಸರಿಯಬಹುದು.

ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಕಾಲನ್ನು ತೆಗೆದೊಡನೆ ಸ್ಪ್ರಿಂಗಿನ ಬಲದಿಂದ ಬೀಗ ಬಿಚ್ಚಿಕೊಳ್ಳುತ್ತದೆ. ಆದರೂ ಒಂದು ಗಾಲಿಯ ಮೇಲೆ ಒತ್ತಡ ಹೆಚ್ಚಾಗಿದ್ದರೆ ಹಲ್ಲುಗಳು ಪರಸ್ಪರ ಕಚ್ಚಿಕೊಂಡೇ ಇರುವುದುಂಟು. ಪೆಡಲು ಮೇಲಕ್ಕೆ ಬಂದಿತೇ ಎಂಬುದನ್ನು ಚಾಲಕನು ನೋಡಿಕೊಳ್ಳಲೇಬೇಕು. ಬಾರದಿದ್ದಲ್ಲಿ ಕ್ಲಚ್ಚನ್ನು ಕ್ಷಣಕಾಲ ಒತ್ತಿ ಬಿಟ್ಟರೆ, ಇಲ್ಲವೆ ನೇರವಾಗಿ ನಿಧಾನಕ್ಕೆ ಸಾಗುತ್ತಿರುವಾಗ ಎಡಬಲದ ಬ್ರೇಕುಗಳನ್ನು ಒಂದಾದ ಮೇಲೊಂದರಂತೆ ಮೆಲ್ಲನೆ ಮುಟ್ಟಿದರೆ ಒತ್ತಡ ಸಡಿಲವಾಗಿ ಅದು ಬಿಚ್ಚಿಕೊಳ್ಳುತ್ತದೆ. ಇದನ್ನು ಖಚಿತಪಡಿಸಿಕೊಂಡ ಬಳಿಕವೇ ತಿರುವು.

ಬೀಗವೂ ಸೋತಾಗ

ಎಡಬಲದ ಗಾಲಿಗಳೆರಡೂ ಕೆಸರಿನಲ್ಲಿ ಹೂತಿದ್ದರೆ ಬೀಗದಿಂದ ಪ್ರಯೋಜನವಿಲ್ಲ. ನಿಜವಾದ ಅಪಾಯ ಆರಂಭವಾಗುವುದು ಇಲ್ಲಿಂದಲೇ. ಎಂಜಿನು ಗಾಲಿಯನ್ನು ಮುಂದಕ್ಕೆ ತಿರುಗಿಸಲು ಹೆಣಗುವಾಗ, ಅಷ್ಟೇ ಬಲವು ಟ್ರ್ಯಾಕ್ಟರಿನ ಒಡಲನ್ನು ಹಿಂಬದಿಯ ಅಚ್ಚಿನ ಸುತ್ತ ಮೇಲಕ್ಕೆತ್ತಲು ಯತ್ನಿಸುತ್ತಿರುತ್ತದೆ. ಗಾಲಿ ತಿರುಗುವವರೆಗೆ ಇದು ಗಮನಕ್ಕೆ ಬಾರದು. ಗಾಲಿ ತಿರುಗಲಾರದಂತೆ ಸಿಕ್ಕಿಬಿದ್ದರೆ ತಿರುಗಬೇಕಾದುದು ಒಡಲೇ. ಮೂತಿ ಆಕಾಶಕ್ಕೇರಿ ಯಂತ್ರವು ಚಾಲಕನ ಮೇಲೆ ಹಿಮ್ಮಗುಚಿ ಬೀಳುತ್ತದೆ. ಮೂತಿ ಏಳತೊಡಗಿದ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಅದು ಹಿಂದಿರುಗಲಾರದ ಹಂತವನ್ನು ದಾಟಬಲ್ಲದು. ಒಂದೂವರೆ ಸೆಕೆಂಡಿನಲ್ಲಿ ಎಲ್ಲವೂ ಮುಗಿದಿರಬಹುದು. ಮನುಷ್ಯನು ಬೆಚ್ಚಿ ಕಾಲನ್ನು ಕ್ಲಚ್ಚಿಗೆ ಒಯ್ಯುವಷ್ಟು ವ್ಯವಧಾನವೂ ಆಗ ಇರುವುದಿಲ್ಲ.

ಗಾಲಿಗೆ ಮರದ ತುಂಡು ಕಟ್ಟುವ ಸಲಹೆ ಪ್ರಾಣಾಂತಿಕವೆನ್ನುವುದು ಇದೇ ಕಾರಣದಿಂದ. ಕಟ್ಟಿದ ತುಂಡು ಕೆಸರಿಗೆ ಕಚ್ಚಿಕೊಂಡು ಗಾಲಿಯನ್ನು ತಡೆದು ನಿಲ್ಲಿಸಿದರೆ, ಎಂಜಿನಿನ ಬಲವೆಲ್ಲ ಮೂತಿಯನ್ನು ಎತ್ತುವುದಕ್ಕೆ ತಿರುಗುತ್ತದೆ. ಮೂತಿ ಏಳದಿರಲೆಂದು ಜನರನ್ನು ಮುಂಭಾಗದ ಮೇಲೆ ನಿಲ್ಲಿಸುವುದೂ, ಜಾರುವ ಗಾಲಿಯ ಮಡ್ಗಾರ್ಡಿನ ಮೇಲೆ ಕೂರಿಸುವುದೂ ಅಷ್ಟೇ ಅವಿವೇಕದ ಕೆಲಸ. ಟ್ರ್ಯಾಕ್ಟರು ಹಠಾತ್ತನೆ ಕದಲಿದಾಗ ಅವರು ಬೀಳುವುದು ಗಾಲಿಯ ಕೆಳಕ್ಕೆ.

ಇಂತಹ ವೇಳೆ ಮಾಡತಕ್ಕದ್ದೇನು? ಎಂಜಿನನ್ನು ನಿಲ್ಲಿಸಿ ಕೆಳಗಿಳಿಯುವುದು. ಸಲಿಕೆಯಿಂದ ಗಾಲಿಗಳ ಹಿಂದಣ ಕೆಸರನ್ನು ತೆಗೆದು, ಹಿಂದಕ್ಕೆ ಇಳಿಜಾರಾಗಿ ದಾರಿ ಬಿಡಿಸುವುದು. ಆ ಬಳಿಕ ಹಿಂಗೇರಿನಲ್ಲಿ ಮೆಲ್ಲನೆ ಹೊರತೆಗೆಯುವುದು. ಹಿಂದಕ್ಕೆ ಚಲಿಸುವಾಗ ಮೇಲೆ ಹೇಳಿದ ಬಲವು ಮೂತಿಯನ್ನು ಕೆಳಕ್ಕೆ ಒತ್ತುವುದರಿಂದ ಹಿಮ್ಮಗುಚುವ ಭಯ ಬಹಳ ಕಡಮೆ. ಅದೂ ಸಾಗದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸಬೇಕು. ಎಳೆಯುವ ಯಂತ್ರದ ಸರಪಣಿಯನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಅಚ್ಚಿಗಾಗಲಿ ಅದಕ್ಕಿಂತ ಮೇಲಿನ ಕೊಂಡಿಗಾಗಲಿ ಕಟ್ಟಿದರೆ ನೆರವಿಗೆ ಬಂದ ಯಂತ್ರವೇ ಮಗುಚೀತು. ಸರಪಣಿ ತುಂಡಾದರೆ ಚಾಟಿಯಂತೆ ಬೀಸುವುದರಿಂದ ನೋಡುವವರು ದೂರ ಸರಿಯಬೇಕು.

ಸಿಕ್ಕಿಕೊಳ್ಳುವ ಮೊದಲೇ ಮಾಡಬಹುದಾದುದೂ ಉಂಟು. ಗದ್ದೆಗೆ ಇಳಿಯುವಾಗ ಹಿಂಗಾಲಿಗಳಿಗೆ ಕಬ್ಬಿಣದ ಪಂಜರಚಕ್ರಗಳನ್ನು ಜೋಡಿಸುವುದು ತುಂಗಭದ್ರೆಯ ಬಯಲಿನಲ್ಲಿ ಎಲ್ಲರೂ ಬಲ್ಲ ಪದ್ಧತಿ. ಒಣ ಉಳುಮೆಯಲ್ಲಿ ಗಾಲಿಗೆ ಕಬ್ಬಿಣದ ತೂಕ ಬಿಗಿದು, ಇಲ್ಲವೆ ಟೈರಿಗೆ ನೀರು ತುಂಬಿಸಿ ಹಿಡಿತ ಹೆಚ್ಚಿಸಬಹುದು. ಗಾಲಿ ಎಷ್ಟು ಜಾರುತ್ತಿದೆಯೆಂಬುದನ್ನು ತಿಳಿಯಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಟೈರಿನ ಮೇಲೆ ಸುಣ್ಣದ ಗುರುತು ಹಾಕಿ, ಹೊರೆಯಿಲ್ಲದೆ ಹತ್ತು ಸುತ್ತಿಗೆ ಎಷ್ಟು ದೂರ, ನೇಗಿಲು ಎಳೆಯುವಾಗ ಹತ್ತು ಸುತ್ತಿಗೆ ಎಷ್ಟು ದೂರ ಎಂದು ಅಳೆದರೆ ಸಾಕು. ಮೊದಲನೆಯದು 40 ಮೀಟರಾಗಿ ಎರಡನೆಯದು 34 ಆದರೆ ಜಾರಿಕೆ ಶೇಕಡಾ 15. ಎರಡು ಗಾಲಿಗಳ ಬಲದಿಂದ ಎಳೆಯುವ ಟ್ರ್ಯಾಕ್ಟರಿಗೆ ಶೇಕಡಾ 10ರಿಂದ 15ರವರೆಗಿನ ಜಾರಿಕೆ ಸಹಜ. ಅದನ್ನು ಬಹಳವಾಗಿ ಮೀರಿದರೆ ಹೊರೆ ತಗ್ಗಿಸಬೇಕು, ಇಲ್ಲವೆ ಭಾರ ಹೆಚ್ಚಿಸಬೇಕು.

ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ, ಅವು ಮಗುಚಿದರೂ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಮುಂದಿನ ದಶಕಗಳಲ್ಲಿ ಅಲ್ಲಿ ಇಂತಹ ಸಾವುಗಳು ಬಹುಮಟ್ಟಿಗೆ ಇಳಿದುವು. ಆ ಚೌಕಟ್ಟೂ ಅದರ ಜೊತೆಗಿನ ಸೊಂಟಪಟ್ಟಿಯೂ ಇರುವ ಯಂತ್ರವನ್ನು ಕೊಳ್ಳುವವನು ತನ್ನ ಮನೆಯವರ ನೆಮ್ಮದಿಯನ್ನೂ ಕೊಂಡಂತೆಯೇ ಸರಿ.

ನಾಟಿಯ ಅವಸರ ಎಂತಹುದೆಂಬುದನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ. ಕಾಲುವೆಯ ನೀರು ಕಾಯುವುದಿಲ್ಲ, ಸಸಿ ಕಾಯುವುದಿಲ್ಲ, ಕೂಲಿಯಾಳು ಕಾಯುವುದಿಲ್ಲ. ಆದರೂ ಬೀಗ ಹಾಕಿ ಒಮ್ಮೆ ಪ್ರಯತ್ನಿಸಿದ ಮೇಲೂ ಗಾಲಿ ಕದಲದಿದ್ದರೆ ಎಂಜಿನನ್ನು ನಿಲ್ಲಿಸಿ ಸಲಿಕೆ ಹಿಡಿಯುವವನೇ ಜಾಣ. ಅರ್ಧ ಗಂಟೆ ತಡವಾದೀತು, ಮೈಯೆಲ್ಲ ಕೆಸರಾದೀತು. ಆದರೆ ಸಂಜೆಗೆ ಅವನು ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು ಮನೆಗೆ ಹಿಂದಿರುಗುವನು.