ಪಾಚಿ ಬೆಳೆದರಾಯಿತೇ? ನೀರಿನಿಂದ ತೆಗೆಯುವ ಬಗೆ ತಿಳಿದಿರಲಿ

ಭತ್ತದ ಗದ್ದೆಗೆಂದು ನೀಲಿಹಸಿರು ಪಾಚಿ ಬೆಳೆಸಿದ ರೈತರಿಗೆ ಕೊಯ್ಲಿನ ಚಿಂತೆಯಿಲ್ಲ. ತಟ್ಟೆಯ ನೀರು ಬಿಸಿಲಿಗೆ ಆರಿದರೆ ಪಾಚಿ ಹಪ್ಪಳದಂತೆ ಎದ್ದು ಬರುತ್ತದೆ. ಆದರೆ ತೊಟ್ಟಿಯಲ್ಲಿ ಕ್ಲೋರೆಲ್ಲಾ, ಸೀನೆಡೆಸ್ಮಸ್ ಮುಂತಾದ ಸೂಕ್ಷ್ಮ ಪಾಚಿ ಬೆಳೆಸಹೊರಟವರ ಪಾಡು ಬೇರೆ. ನೀರೇನೋ ಗಿಳಿಹಸಿರಾಗುತ್ತದೆ, ಸೋಸಲು ಹೋದರೆ ಹಸಿರೆಲ್ಲ ಬಟ್ಟೆಯ ಆಚೆಗೆ!

ಚೆನ್ನಾಗಿ ಬೆಳೆದ ತೊಟ್ಟಿಯಲ್ಲೂ ಲೀಟರಿಗೆ ಸಿಗುವ ಒಣ ಪಾಚಿ ಸುಮಾರು ಅರ್ಧದಿಂದ ಒಂದು ಗ್ರಾಂ ಮಾತ್ರ. ಒಂದು ಕಿಲೋ ಪಾಚಿಗೆ 1000 ಲೀಟರಿಗೂ ಮಿಕ್ಕಿ ನೀರನ್ನು ಬೇರೆ ಮಾಡಬೇಕು. ಕ್ರೀಮ್ ಸೆಪರೇಟರ್ ಮಾದರಿಯ ಯಂತ್ರ ಈ ಕೆಲಸ ಮಾಡುತ್ತದೆ, ಆದರೆ ಅದರ ಬೆಲೆ ಮತ್ತು ವಿದ್ಯುತ್ ಖರ್ಚು ಸಣ್ಣ ಹಿಡುವಳಿಗೆ ಹೊರೆ.

ಇಲ್ಲಿಯೇ ಪಾಲಿಮರ್ ನೆರವಿಗೆ ಬರುವುದು. ಪಾಚಿಯ ಕಣಗಳ ಮೈಮೇಲೆಲ್ಲ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ನೀರಿನಲ್ಲೇ ತೇಲಾಡುತ್ತವೆ. ಧನ ವಿದ್ಯುದಂಶವುಳ್ಳ ಪಾಲಿಮರಿನ ಉದ್ದನೆಯ ಎಳೆಗಳು ಈ ಕಣಗಳನ್ನು ಹಿಡಿದು ಪೋಣಿಸುತ್ತವೆ. ಹಾಲು ಒಡೆದಂತೆ ಪಾಚಿ ಗರಣೆ ಕಟ್ಟಿ ತಳಕ್ಕಿಳಿಯುತ್ತದೆ.

ಪ್ರಮಾಣ ಗೊತ್ತುಮಾಡಿಕೊಳ್ಳದೆ ಪುಡಿಯನ್ನು ತೊಟ್ಟಿಗೆ ಸುರಿಯಬಾರದು. ಒಂದು ಲೀಟರ್ ನೀರನ್ನು ಕಲಕುತ್ತಲೇ ಒಂದು ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಹಾಕಿದರೆ ಗಂಟುಕಟ್ಟುತ್ತದೆ. ಪೂರ್ತಿ ಕರಗಲು ಒಂದು ಗಂಟೆ ಹಿಡಿದೀತು. ಐದು ಗಾಜಿನ ಪಾತ್ರೆಗಳಲ್ಲಿ ತಲಾ ಒಂದು ಲೀಟರ್ ತೊಟ್ಟಿಯ ನೀರು ತೆಗೆದುಕೊಂಡು, ಈ ದ್ರಾವಣವನ್ನು ಕ್ರಮವಾಗಿ 1, 2, 4, 6, 10 ಮಿಲಿಲೀಟರ್ ಹಾಕಿ. ಒಂದು ನಿಮಿಷ ಜೋರಾಗಿ, ಆಮೇಲೆ ಹತ್ತು ನಿಮಿಷ ನಿಧಾನವಾಗಿ ತಿರುವಿ, ಅರ್ಧ ಗಂಟೆ ಬಿಡಿ. ನೀರು ತಿಳಿಯಾದ ಪಾತ್ರೆಗಳಲ್ಲಿ ಅತಿ ಕಡಿಮೆ ದ್ರಾವಣ ಬಿದ್ದದ್ದು ಯಾವುದೋ ಅದೇ ಸರಿಯಾದ ಪ್ರಮಾಣ. 4 ಮಿಲಿಲೀಟರ್ ಸಾಕಾಗಿದ್ದರೆ 1000 ಲೀಟರಿಗೆ 4 ಗ್ರಾಂ ಪುಡಿ. ಹೆಚ್ಚು ಹಾಕಿದರೆ ಹೆಚ್ಚು ಪಾಚಿ ಬರುವುದೆಂದು ಎಣಿಸಬೇಡಿ. ಅತಿಯಾದರೆ ಕಣಗಳೆಲ್ಲ ಧನ ವಿದ್ಯುದಂಶ ಪಡೆದು ಮತ್ತೆ ದೂರ ಸರಿಯುತ್ತವೆ, ಗರಣೆ ಒಡೆಯುತ್ತದೆ. ಉಪ್ಪುನೀರಿನಲ್ಲಿ ಎಳೆಗಳು ಮುದುಡಿಕೊಳ್ಳುವುದರಿಂದ ಇದು ಅಷ್ಟಾಗಿ ನಡೆಯದು.

ಗರಣೆ ಕಟ್ಟಿಸಿದ ಪಾಲಿಮರ್ ಪಾಚಿಯ ಜೊತೆಗೇ ಉಳಿಯುತ್ತದೆ, ತೊಳೆದರೆ ಹೋಗುವುದಿಲ್ಲ. ನೀರು ಶುದ್ಧೀಕರಣದಲ್ಲಿ ಬಳಕೆಯಲ್ಲಿರುವ ಪಾಲಿಅಕ್ರಿಲಮೈಡ್ ಅಗ್ಗವೂ ಹೌದು, ಚುರುಕೂ ಹೌದು. ಆದರೆ ಅದರಲ್ಲಿ ಅಲ್ಪಸ್ವಲ್ಪ ಉಳಿದಿರಬಹುದಾದ ಅಕ್ರಿಲಮೈಡ್ ನರಗಳಿಗೆ ವಿಷ. ದನಕ್ಕೋ ಕೋಳಿಗೋ ತಿನ್ನಿಸುವ ಪಾಚಿಗೆ ಇದನ್ನು ಮುಟ್ಟಲೇಬೇಡಿ. ಪಟಿಕ ಹಾಕಿದರೆ ಅಲ್ಯುಮಿನಿಯಂ ಸೇರುತ್ತದೆ. ಧನ ವಿದ್ಯುದಂಶದ ಪಾಲಿಮರ್ ಮೀನಿನ ಕಿವಿರುಗಳಿಗೂ ಹಾನಿಕರ, ಆದುದರಿಂದ ಉಳಿಕೆ ನೀರನ್ನು ಮೀನುಹೊಂಡಕ್ಕೆ ಬಿಡಬಾರದು.

ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಇದಕ್ಕಿಂತ ಮೇಲು. ಅದನ್ನು ಮೊದಲು ತೆಳು ವಿನೆಗರ್‌ನಂಥ ಹುಳಿಯಲ್ಲಿ ಕರಗಿಸಿಕೊಳ್ಳಬೇಕು. ನೀರಿನ ರಸಸಾರ 8ನ್ನು ದಾಟಿದರೆ ಅದರ ಶಕ್ತಿ ಕುಂದುತ್ತದೆ. ಹಗಲೆಲ್ಲ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿ ಸಂಜೆಯ ಹೊತ್ತಿಗೆ ರಸಸಾರ ಏರಿರುತ್ತದೆ. ಮುಂಜಾನೆಯೇ ಕೆಲಸಕ್ಕೆ ಸರಿಯಾದ ಹೊತ್ತು. ನುಗ್ಗೆ ಬೀಜದ ಪ್ರೋಟೀನಿಗೂ ಗರಣೆ ಕಟ್ಟಿಸುವ ಗುಣವಿದೆ. ಬಗ್ಗಡದ ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದ ನಮ್ಮ ಹಿರಿಯರಿಗೆ ಈ ವಿದ್ಯೆ ಹೊಸದೇನಲ್ಲ.

1970ರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಜರ್ಮನಿಯ ಸಹಕಾರದಿಂದ ಪಾಚಿ ಬೇಸಾಯದ ಪ್ರಯೋಗ ನಡೆಸಿತು. ಅಲ್ಲಿ ಮೊದಲು ಸೀನೆಡೆಸ್ಮಸ್, ಬಳಿಕ ಸ್ಪಿರುಲಿನಾ ಬೆಳೆಸಿದರು. ಆ ಅನುಭವವನ್ನು ಎಲ್. ವಿ. ವೆಂಕಟರಾಮನ್ ಮತ್ತು ಬೆಕರ್ 1985ರಲ್ಲಿ ಗ್ರಂಥವಾಗಿಸಿದ್ದಾರೆ. ಸ್ಪಿರುಲಿನಾ ಸುರುಳಿ ಎಳೆಯಾಗಿ ಬೆಳೆಯುವುದರಿಂದ ಒತ್ತು ನೇಯ್ಗೆಯ ಬಟ್ಟೆಯಲ್ಲೇ ನಿಲ್ಲುತ್ತದೆ, ಪಾಲಿಮರ್ ಬೇಕಿಲ್ಲ. ಆಹಾರಕ್ಕೋ ಮೇವಿಗೋ ಎಂದು ತೊಟ್ಟಿ ಕಟ್ಟುವವರು ಸಾಲ ಮಾಡುವ ಮುನ್ನವೇ ಇದನ್ನು ಯೋಚಿಸಿ.

ಪಾಲಿಮರಿನಿಂದ ಕೂತ ಗರಣೆಯಲ್ಲೂ ನೂರಕ್ಕೆ 97–98 ಪಾಲು ನೀರೇ. ಮೇಲಿನ ತಿಳಿನೀರು ಬಸಿದು, ಗರಣೆಯನ್ನು ಬಟ್ಟೆಯಲ್ಲಿ ಹಿಂಡಿ, ತೆಳುವಾಗಿ ಹರಡಿ ಅದೇ ದಿನ ಒಣಗಿಸಲು ಹಾಕಿ. ತಡವಾದರೆ ನಾರುತ್ತದೆ.